ಬ್ಯಾಡಗಿಗೆ ಬಂದ ‘ಸತೋಶಿ ಹಾರ್ಡ್ ಡಿಸ್ಕ್’: ಒಂದು ಪ್ರಕರಣ ಅಧ್ಯಯನ

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿ ನಡೆಸುವ ಅಣ್ಣತಮ್ಮಂದಿರಿಬ್ಬರು ಹುಬ್ಬಳ್ಳಿಯ ನನ್ನ ಡೇಟಾ ರಿಕವರಿ ಅಂಗಡಿಗೆ ಒಂದು ಹಾರ್ಡ್ ಡಿಸ್ಕ್ ತಂದರು. ಬೀಗರ ಕಡೆಯಿಂದ ಪರಿಚಯವಾದ ಒಬ್ಬಾತ ಅದನ್ನು ಅವರ ಕೈಗೆ ಕೊಟ್ಟಿದ್ದ. ಅವನು ಹೇಳಿದ ಕಥೆ ಇದು: ಬಿಟ್‌ಕಾಯಿನ್ ಎಂಬ ಡಿಜಿಟಲ್ ನಾಣ್ಯ ಹುಟ್ಟುಹಾಕಿದ ಸತೋಶಿ ನಕಾಮೊಟೊ ಎಂಬ ಅಜ್ಞಾತ ವ್ಯಕ್ತಿಯ ಜೊತೆ 2009ರಲ್ಲಿ ಬೆಂಗಳೂರಿನ ಒಬ್ಬ ಎಂಜಿನಿಯರ್ ಕೆಲಸ ಮಾಡಿದ್ದರು, ಅವರ ಡಿಸ್ಕ್ ಇದು, ಒಳಗಿನ ವಾಲೆಟ್‌ನಲ್ಲಿ (ನಾಣ್ಯದ ಕೀಲಿಗಳನ್ನಿಡುವ ಫೈಲಿನಲ್ಲಿ) ಅಂದು ಗಳಿಸಿದ 1,000 ನಾಣ್ಯ ಹಾಗೇ ಕೂತಿವೆ, ಎಂಜಿನಿಯರ್ ತೀರಿಕೊಂಡಿದ್ದರಿಂದ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಪಾಸ್‌ವರ್ಡ್ ಒಡೆಯುವ ವಿದೇಶಿ ಕಂಪನಿಗೆ 12 ಲಕ್ಷ ರೂಪಾಯಿ ಕಟ್ಟಿದರೆ ಅರ್ಧ ಪಾಲು ಕೊಡುತ್ತೇನೆಂದು ಅವನ ಮಾತು. ಅಣ್ಣತಮ್ಮಂದಿರು ಆಗಲೇ 1 ಲಕ್ಷ ಸಂಚಕಾರ ಕೊಟ್ಟಾಗಿತ್ತು. 40 ಸಾವಿರ ಯುಪಿಐ ಮೂಲಕ, 60 ಸಾವಿರ ನಗದು.

“ಇದು ಖರೇ ಐತೋ ಸುಳ್ಳ ಐತೋ, ಅಷ್ಟ ಹೇಳ್ರಿ ಸರ. ಮುಂದಿಂದು ನಾವ್ ನೋಡ್ಕೋತೀವಿ,” ಅಂದರು ಅಣ್ಣ. ತಮ್ಮನಿಗೆ ಅನುಮಾನವೇ ಇರಲಿಲ್ಲ. “ರೊಕ್ಕ ಕಣ್ಣಿಗೆ ಕಾಣಾಕತ್ತೈತಲ್ಲಣ್ಣಾ. ಪಾಸ್‌ವರ್ಡ್ ಒಂದು ಸಿಕ್ರ ಮುಗೀತು,” ಅನ್ನುತ್ತಿದ್ದ. ಉಳಿದ 11 ಲಕ್ಷ ಹೊಂದಿಸುವುದು ಹೇಗೆ ಎಂಬ ಲೆಕ್ಕವನ್ನೂ ಅವನು ಹಾಕಿಟ್ಟಿದ್ದ. ಮನೆಯ ಹೆಣ್ಣುಮಕ್ಕಳ ಬಂಗಾರದ ಮಾತೂ ಆ ಲೆಕ್ಕದಲ್ಲಿತ್ತು.

ಕುಟುಂಬದ ಒಪ್ಪಿಗೆ ಪಡೆದು, ಹೆಸರು ಕೈಬಿಟ್ಟು, ಆ ತಪಾಸಣೆಯ ಪೂರ್ತಿ ವಿವರ ಇಲ್ಲಿ ಬರೆಯುತ್ತಿದ್ದೇನೆ. ಇಂಥದೇ ಫೈಲ್ ಇನ್ನೊಬ್ಬರ ಕೈಗೆ ಬಂದಾಗ ಏನು ನೋಡಬೇಕು ಎಂಬುದು ಅವರಿಗೆ ತಿಳಿದಿರಲಿ ಎಂಬುದೇ ಇದರ ಉದ್ದೇಶ. ಸತೋಶಿ ಯಾರು ಎಂಬುದು ಇವತ್ತಿಗೂ ಗೊತ್ತಿಲ್ಲ ನಿಜ. ಆದರೆ ಅವರು ಯಾವ ಬಗೆಯ ಕಂಪ್ಯೂಟರಿನಲ್ಲಿ, ಯಾವ ಸಾಫ್ಟ್‌ವೇರ್ ಇಟ್ಟುಕೊಂಡು ಕೆಲಸ ಮಾಡಿದರು ಎಂಬುದಕ್ಕೆ ಗುರುತುಗಳು ಬೇಕಾದಷ್ಟು ಉಳಿದಿವೆ. ‘ಸತೋಶಿ ಯಾರೆಂದು ಯಾರಿಗೆ ಗೊತ್ತು, ನಮ್ಮ ಎಂಜಿನಿಯರ್ ಯಾಕೆ ಆಗಿರಬಾರದು’ ಎಂದು ಮಾರುವವನು ಕೇಳಿದರೆ, ಆ ಗುರುತುಗಳನ್ನೇ ಮುಂದಿಟ್ಟು ಒಂದೊಂದಾಗಿ ತಾಳೆ ನೋಡಬಹುದು.

ಸತೋಶಿಯ ಕಂಪ್ಯೂಟರ್: ಉಳಿದಿರುವ ಗುರುತುಗಳು

ಬಿಟ್‌ಕಾಯಿನ್‌ನ ಮೂಲ ಪ್ರಬಂಧ 2008ರ ಅಕ್ಟೋಬರ್ 31ರಂದು ಹೊರಬಂತು. ಒಂಬತ್ತು ಪುಟದ ಪಿಡಿಎಫ್ ಅದು. ಅದರ ಪ್ರಾಪರ್ಟೀಸ್ ತೆರೆದು ನೋಡಿದರೆ ಓಪನ್‌ಆಫೀಸ್ 2.4ರಲ್ಲಿ ತಯಾರಾದದ್ದು ಎಂದು ಕಾಣುತ್ತದೆ. ಇವತ್ತು ಎಲ್ಲೆಡೆ ಸಿಗುವ ಪ್ರತಿ 2009ರ ಮಾರ್ಚ್ 24ರದು, ಗಾತ್ರ 184,292 ಬೈಟ್. ಕಂಪ್ಯೂಟರ್ ವಿಜ್ಞಾನದ ಪ್ರಬಂಧಗಳನ್ನು ಬಹಳ ಜನ ಲೇಟೆಕ್ ಎಂಬ ಪ್ರಬಂಧ ಜೋಡಿಸುವ ಸಾಫ್ಟ್‌ವೇರಿನಲ್ಲಿ ಬರೆಯುತ್ತಿದ್ದ ಕಾಲದಲ್ಲಿ ಇವರು ಬಿಟ್ಟಿ ಸಿಗುವ ಆಫೀಸ್ ಸಾಫ್ಟ್‌ವೇರ್ ಬಳಸಿದ್ದರು. ಈ ಸಣ್ಣ ವಿವರಕ್ಕೆ ಎಷ್ಟು ತೂಕ ಬಂತು ಎಂಬುದನ್ನು ಮುಂದೆ ಹೇಳುತ್ತೇನೆ.

ಮೊದಲ ಸಾಫ್ಟ್‌ವೇರ್, ಆವೃತ್ತಿ 0.1.0, ಬಿಡುಗಡೆಯಾದದ್ದು 2009ರ ಜನವರಿ 8ರಂದು. ಅದು ನಡೆಯುತ್ತಿದ್ದದ್ದು ವಿಂಡೋಸ್‌ನಲ್ಲಿ ಮಾತ್ರ. ಅಂದರೆ ವಿಂಡೋಸ್ ಎನ್‌ಟಿ, 2000, ಎಕ್ಸ್‌ಪಿ. ಲಿನಕ್ಸ್‌ಗೆ ಅದು ಬಂದದ್ದು ಆ ವರ್ಷದ ಡಿಸೆಂಬರ್‌ನಲ್ಲಿ, ಆವೃತ್ತಿ 0.2ರ ಜೊತೆ. ಬರೆದದ್ದು ಸಿ++ನಲ್ಲಿ. ಜೊತೆಗಿದ್ದ ಸೂಚನೆಗಳಲ್ಲಿ, ಕೋಡನ್ನು ಓಡುವ ಪ್ರೋಗ್ರಾಂ ಆಗಿ ಬದಲಿಸುವ ಎರಡು ಕಂಪೈಲರ್‌ಗಳ ಹೆಸರಿವೆ: ಮಿಂಗ್‌ಡಬ್ಲ್ಯೂ ಮತ್ತು ಮೈಕ್ರೋಸಾಫ್ಟ್ ವಿಷುಯಲ್ ಸಿ++ 6.0. ಈ ಎರಡನೆಯದು 1998ರ ಸಾಧನ, ಆಗಲೇ ಹತ್ತು ವರ್ಷ ಹಳೆಯದು. ಅದಕ್ಕೆ ಹೊಂದಲೆಂದೇ ಬೂಸ್ಟ್ ಎಂಬ ಸಿದ್ಧ ಕೋಡಿನ ಸಂಗ್ರಹದ ಹಳೆಯ 1.34 ಆವೃತ್ತಿ ಬೇಕು ಎಂದೂ ಅಲ್ಲಿ ಬರೆದಿದೆ. ವೇರಿಯಬಲ್‌ಗಳ ಹೆಸರಿಗೆ ಮುಂದೆ ಅವುಗಳ ಬಗೆ ಸೂಚಿಸುವ ಅಕ್ಷರ ಅಂಟಿಸುವ ಹಂಗೇರಿಯನ್ ಪದ್ಧತಿ ಆ ಕೋಡಿನ ತುಂಬ ಇದೆ. 90ರ ದಶಕದಲ್ಲಿ ವಿಂಡೋಸ್ ಪ್ರೋಗ್ರಾಮಿಂಗ್ ಕಲಿತವರ ಕೈಬರಹ ಅದು. ತೆರೆಯ ಮೇಲಿನ ಕಿಟಕಿ, ಬಟನ್‌ಗಳಿಗೆ ಡಬ್ಲ್ಯೂಎಕ್ಸ್‌ವಿಜೆಟ್ಸ್, ದಾಖಲೆ ಇಡಲು ಬರ್ಕ್ಲಿ ಡಿಬಿ, ಗೂಢಲಿಪಿಗೆ ಓಪನ್‌ಎಸ್‌ಎಸ್‌ಎಲ್. ನಾನು ಈ ಕಸುಬಿಗೆ ಬಂದ ಕಾಲದ ಮಾಮೂಲಿ ವಿಂಡೋಸ್ ಡೆವಲಪರ್ ಒಬ್ಬರ ಮೇಜು ಕಣ್ಣಮುಂದೆ ಬರುತ್ತದೆ. ಜಗತ್ತನ್ನು ಅಲುಗಾಡಿಸಿದ ಕೆಲಸಕ್ಕೆ ವಿಶೇಷ ಯಂತ್ರ ಬೇಕಾಗಲಿಲ್ಲ ಎಂಬುದು ನನಗೆ ಇಂದಿಗೂ ಮೆಚ್ಚುಗೆಯ ಸಂಗತಿ.

ಇನ್ನು ನಾಣ್ಯ ಗಳಿಸುವ, ಅಂದರೆ ಮೈನಿಂಗ್ ಮಾಡುವ ಯಂತ್ರ. ವಹಿವಾಟಿನ ಲೆಕ್ಕವನ್ನು ಬ್ಲಾಕ್ ಎಂಬ ಕಟ್ಟುಗಳಲ್ಲಿ ಒಂದರ ಹಿಂದೊಂದು ಬರೆಯಲಾಗುತ್ತದೆ. ನಿಯಮಕ್ಕೆ ಹೊಂದುವ ಸಂಖ್ಯೆ ಸಿಗುವವರೆಗೆ ಪ್ರಯತ್ನಿಸಿ ಹೊಸ ಬ್ಲಾಕ್ ಸೇರಿಸಿದವರಿಗೆ ನಾಣ್ಯ. ಮೊದಲ ಬ್ಲಾಕ್ 2009ರ ಜನವರಿ 3ರದು, ಅದರೊಳಗೆ ಲಂಡನ್ನಿನ ದಿ ಟೈಮ್ಸ್ ಪತ್ರಿಕೆಯ ಅಂದಿನ ತಲೆಬರಹ ಹುದುಗಿದೆ. ಒಂದೊಂದು ಬ್ಲಾಕ್‌ಗೆ ಆಗ 50 ನಾಣ್ಯ. ಬ್ಲಾಕ್ ಸಿಗುವ ಕಷ್ಟದ ಮಟ್ಟ ಅತಿ ಕಡಿಮೆ, ಅಂದರೆ 1 ಇದ್ದಾಗ ಒಂದು ಬ್ಲಾಕ್ ಸಿಗಲು ಸರಾಸರಿ 430 ಕೋಟಿ ಪ್ರಯತ್ನ ಬೇಕು. ಹತ್ತು ನಿಮಿಷಕ್ಕೆ ಒಂದು ಬ್ಲಾಕ್ ಆಗಬೇಕೆಂದರೆ ಜಗತ್ತಿನಲ್ಲಿ ಮೈನಿಂಗ್ ಮಾಡುವವರೆಲ್ಲ ಸೇರಿ ಸೆಕೆಂಡಿಗೆ ಸುಮಾರು 70 ಲಕ್ಷ ಪ್ರಯತ್ನ ಮಾಡಿದರೆ ಸಾಕು. ಅಂದಿನ ಸಾಧಾರಣ ಪ್ರೊಸೆಸರಿನ ಒಂದು ಕೋರ್ ಸುಮಾರು 10 ಲಕ್ಷ ಮಾಡುತ್ತಿತ್ತು. ಅಷ್ಟಾದರೂ 2009ರ ಬಹುಪಾಲು ಬ್ಲಾಕ್‌ಗಳು ಹತ್ತು ನಿಮಿಷಕ್ಕಿಂತ ತಡವಾಗಿಯೇ ಬಂದವು, ಕಷ್ಟದ ಮಟ್ಟ ಮೊದಲ ಬಾರಿ ಏರಿದ್ದು ಡಿಸೆಂಬರ್ 30ರಂದು. ಇಂದು ಮೈನಿಂಗ್‌ಗೆಂದೇ ಮಾಡಿದ ಒಂದೇ ಯಂತ್ರ ಸೆಕೆಂಡಿಗೆ 100 ಲಕ್ಷ ಕೋಟಿ ಪ್ರಯತ್ನ ಮೀರುತ್ತದೆ.

ಅರ್ಜೆಂಟೀನಾದ ಸಂಶೋಧಕ ಸೆರ್ಜಿಯೊ ಲರ್ನರ್ 2013ರಲ್ಲಿ ಆ ಕಾಲದ ಬ್ಲಾಕ್‌ಗಳನ್ನು ಜಾಲಾಡಿ, ಒಬ್ಬನೇ ಮೈನರ್‌ನ ಹೆಜ್ಜೆಗುರುತು ಹಿಡಿದರು. ಪ್ರತಿ ಬ್ಲಾಕ್‌ನಲ್ಲೂ ನಾನ್ಸ್ ಎಂಬ ಒಂದು ಸಂಖ್ಯೆ ಇರುತ್ತದೆ. ಪ್ರಯತ್ನದಿಂದ ಪ್ರಯತ್ನಕ್ಕೆ ಬದಲಾಗುವ ಸಂಖ್ಯೆ ಅದು. ಅದರ ಕೊನೆಯ ಬೈಟ್ 0ರಿಂದ 255ರವರೆಗೆ ಏನಾದರೂ ಇರಬಹುದು. ಆದರೆ ಈ ಮೈನರ್‌ನ ಬ್ಲಾಕ್‌ಗಳಲ್ಲಿ ಅದು 0ರಿಂದ 9 ಅಥವಾ 19ರಿಂದ 58 ಮಾತ್ರ. ಎಕ್ಸ್‌ಟ್ರಾನಾನ್ಸ್ ಎಂಬ ಇನ್ನೊಂದು ಎಣಿಕೆಯೂ ತನ್ನದೇ ಓರೆಯಲ್ಲಿ ಏರುತ್ತ ಹೋಗುತ್ತದೆ. ಇಂಥ ಸುಮಾರು 22 ಸಾವಿರ ಬ್ಲಾಕ್‌ಗಳು, ಸುಮಾರು 11 ಲಕ್ಷ ನಾಣ್ಯ. ಈ ಮೈನರ್ ಸತೋಶಿಯೇ ಎಂದು ಬಹುತೇಕರ ಅಭಿಪ್ರಾಯ. ಹತ್ತಾರು ಕಂಪ್ಯೂಟರ್ ಇದ್ದಿರಬೇಕೆಂಬ ಊಹೆಯೂ ಒಂದಿತ್ತು. ಲರ್ನರ್ ಮುಂದೆ ಕಂಡುಕೊಂಡದ್ದು ಬೇರೆ: ಒಂದೇ ಬಲವಾದ ಕಂಪ್ಯೂಟರ್, ಕೆಲಸವನ್ನು ಏಕಕಾಲಕ್ಕೆ ನಡೆಯುವ ಹಲವು ಎಳೆಗಳಿಗೆ (ಥ್ರೆಡ್) ಹಂಚಿಕೊಟ್ಟು ನಡೆಸಿದ್ದು. ಜನರಿಗೆ ಬಿಡುಗಡೆ ಮಾಡಿದ ಪ್ರೋಗ್ರಾಂ ಹೀಗೆ ನಡೆಯುತ್ತಿರಲಿಲ್ಲ. ಸತೋಶಿಯ ಕೈಯಲ್ಲಿ ಬೇರೆಯದೇ ಒಂದು ಪ್ರತಿ ಇತ್ತೆಂದಾಯಿತು.

ಗುರುತು ಮುಚ್ಚುವ ಏರ್ಪಾಡು ಪ್ರತ್ಯೇಕ. ಬಿಟ್‌ಕಾಯಿನ್ ಹೆಸರಿನ ಡೊಮೇನ್ 2008ರ ಆಗಸ್ಟ್ 18ರಂದು, ಹೆಸರು ಹೇಳದೆ ಖರೀದಿಸಲು ಬಿಡುವ ಸೇವೆಯೊಂದರ ಮೂಲಕ ನೋಂದಣಿಯಾಯಿತು. ಅವರ ಬರಹಗಳ ಸಮಯ ಜೋಡಿಸಿ ನೋಡಿದವರಿಗೆ ಗ್ರೀನಿಚ್ ಸಮಯದ ಬೆಳಗಿನ 5ರಿಂದ 11ರವರೆಗೆ ಅವರು ಬಹುತೇಕ ಮೌನವಾಗಿದ್ದದ್ದು ಕಂಡಿದೆ. ನಮ್ಮ ಗಡಿಯಾರದಲ್ಲಿ ಅದು ಬೆಳಿಗ್ಗೆ ಹತ್ತೂವರೆಯಿಂದ ಸಂಜೆ ನಾಲ್ಕೂವರೆ. ಎಂಜಿನಿಯರ್ ಹಗಲು ಆಫೀಸಿನಲ್ಲಿ ಕೂತೇ ಸತೋಶಿಯ ಕೆಲಸ ಮಾಡುತ್ತಿದ್ದರು ಎಂದಿದ್ದ ಮಾರುವವನು. ಸಮಯದ ಸಾಕ್ಷ್ಯ ತೀರ ದುರ್ಬಲ, ರಾತ್ರಿಯೆಲ್ಲ ಎದ್ದಿರುವವರೂ ಇರುತ್ತಾರೆ. ಹಾಗಾಗಿ ಅದನ್ನು ವರದಿಯಲ್ಲಿ ಸೇರಿಸಲಿಲ್ಲ.

ಫೋಟೊ ಮತ್ತು ಪಿಡಿಎಫ್

ಡಿಸ್ಕ್ ಜೊತೆ ಒಂದು ಫೋಟೊ, ಒಂದು ಪಿಡಿಎಫ್ ಬಂದಿದ್ದವು. ಫೋಟೊದ ಕೆಳಗೆ 2009 ಎಂದು ಬರೆದಿತ್ತು. ಕಬ್ಬಿಣದ ತೆರೆದ ಚೌಕಟ್ಟಿನಲ್ಲಿ ಸಾಲಾಗಿ ಆರು ಗ್ರಾಫಿಕ್ಸ್ ಕಾರ್ಡ್, ಒಂದೊಂದಕ್ಕೂ ಎರಡು ಫ್ಯಾನ್. ಇದನ್ನು ತಳ್ಳಿಹಾಕಲು ಬಹಳ ಹೊತ್ತು ಬೇಕಾಗಲಿಲ್ಲ. 2009ರಲ್ಲಿ ಮೈನಿಂಗ್ ನಡೆದದ್ದು ಪ್ರೊಸೆಸರಿನಲ್ಲಿ. ಗ್ರಾಫಿಕ್ಸ್ ಕಾರ್ಡಿನ ಪೈಪೋಟಿಯನ್ನು ಆದಷ್ಟು ದಿನ ಮುಂದೂಡೋಣ, ಎಲ್ಲರ ಕಂಪ್ಯೂಟರಿಗೂ ಅವಕಾಶ ಇರಲಿ ಎಂದು ಸತೋಶಿಯೇ 2009ರ ಡಿಸೆಂಬರ್‌ನಲ್ಲಿ ಕೇಳಿಕೊಂಡಿದ್ದರು. ಕಾರ್ಡಿನಿಂದ ಮೈನಿಂಗ್ ಶುರುವಾದದ್ದು 2010ರಲ್ಲಿ. ಎರಡು ಪಿಜ್ಜಾಕ್ಕೆ 10,000 ನಾಣ್ಯ ಕೊಟ್ಟು ಹೆಸರಾದ ಲಾಸ್ಲೊ ಹನ್ಯೆಚ್ ಅದನ್ನು ಮೊದಲು ಮಾಡಿದವರಲ್ಲಿ ಒಬ್ಬರು.

ಪಿಡಿಎಫ್ ‘ಮೂಲ ಪ್ರಬಂಧದ ಕರಡು, 2008’ ಎಂದು ಹೇಳಿಕೊಂಡಿತ್ತು. ಪ್ರಾಪರ್ಟೀಸ್‌ನಲ್ಲಿ ಮೈಕ್ರೋಸಾಫ್ಟ್ ವರ್ಡ್ 2016 ಎಂದು ನೇರವಾಗಿಯೇ ಇತ್ತು. ತಯಾರಿಸಿದವನು ಅದನ್ನು ಅಳಿಸುವ ಗೋಜಿಗೂ ಹೋಗಿರಲಿಲ್ಲ.

ಇಲ್ಲಿ ತಮ್ಮ ಒಂದು ಮಾತು ಕೇಳಿದ: “ಫೈಲ್ ಹಿಂದಿಂದ ಯಾರಾರ ತಗದು ಮತ್ತ ಸೇವ್ ಮಾಡಿರಬಾರದೇನ್ರೀ?” ಸರಿಯಾದ ಪ್ರಶ್ನೆ. ಆ ಕಾರಣಕ್ಕೇ ಅವನಿಗೆ ಲಂಡನ್ನಿನ ಮೊಕದ್ದಮೆಯ ವಿಷಯ ಹೇಳಿದೆ. ಆಸ್ಟ್ರೇಲಿಯಾದ ಕ್ರೇಗ್ ರೈಟ್ ತಾನೇ ಸತೋಶಿ ಎಂದು ವರ್ಷಗಟ್ಟಲೆ ಸಾಧಿಸಿದರು. 2024ರ ಮಾರ್ಚ್ 14ರಂದು ಇಂಗ್ಲೆಂಡಿನ ಹೈಕೋರ್ಟಿನ ನ್ಯಾಯಮೂರ್ತಿ ಮೆಲ್ಲರ್, ಅವರು ಸತೋಶಿ ಅಲ್ಲ ಎಂದು ತೀರ್ಪು ಕೊಟ್ಟರು. ಮೇ ತಿಂಗಳಲ್ಲಿ ಬಂದ ಲಿಖಿತ ತೀರ್ಪಿನಲ್ಲಿ, ಅವರು ದೊಡ್ಡ ಪ್ರಮಾಣದಲ್ಲಿ ದಾಖಲೆಗಳನ್ನು ಖೊಟ್ಟಿ ಸೃಷ್ಟಿಸಿದ್ದಾರೆ ಎಂದಿದೆ. ಮೂಲ ಪ್ರಬಂಧವನ್ನು ಲೇಟೆಕ್‌ನಲ್ಲಿ ಬರೆದೆ ಎಂಬ ಅವರ ವಾದ ನಿಲ್ಲಲಿಲ್ಲ, ಏಕೆಂದರೆ ಅದು ಓಪನ್‌ಆಫೀಸ್‌ನದು. ಅವರು 2008ರವು ಎಂದು ಕೊಟ್ಟ ಕಾಗದಪತ್ರಗಳಲ್ಲಿ ನಿರ್ಮಲಾ ಯುಐ ಎಂಬ ಫಾಂಟಿನ ಗುರುತು ಸಿಕ್ಕಿತು. ಕನ್ನಡ ಟೈಪ್ ಮಾಡುವ ನಮಗೆ ಈ ಫಾಂಟ್ ದಿನದ ನಂಟು. ಎಕ್ಸ್‌ಪಿ ಕಾಲದಲ್ಲಿ ಕನ್ನಡಕ್ಕೆ ವಿಂಡೋಸ್ ಜೊತೆ ಬರುತ್ತಿದ್ದದ್ದು ತುಂಗಾ. ನಿರ್ಮಲಾ ಬಂದದ್ದು 2012ರಲ್ಲಿ, ವಿಂಡೋಸ್ 8ರ ಜೊತೆ. ಕನ್ನಡ, ದೇವನಾಗರಿ, ತಮಿಳು ಅಕ್ಷರಗಳಿಗೆಂದು ಮಾಡಿದ ಒಂದು ಫಾಂಟ್ ಲಂಡನ್ನಿನ ಕೋರ್ಟಿನಲ್ಲಿ ಸಾಕ್ಷಿಯಾಯಿತು. ದಾವಣಗೆರೆಯಿಂದ ಬೆಳಗಾವಿವರೆಗೆ ಯಾವುದೇ ಡಿಟಿಪಿ ಸೆಂಟರಿನ ಹುಡುಗ ಹೇಳಬಲ್ಲ ವಿಷಯ ಅದು: 2008ರ ಕಾಗದದಲ್ಲಿ ನಿರ್ಮಲಾ ಇರಲು ಸಾಧ್ಯವಿಲ್ಲ.

ತಮ್ಮನ ಪ್ರಶ್ನೆಗೆ ಉತ್ತರವೂ ಅದರಲ್ಲೇ ಇದೆ. ಮತ್ತೆ ಸೇವ್ ಮಾಡಿರಬಹುದು ಎಂಬ ಸಬೂಬು ಒಂದು ಫೈಲಿಗೆ ಒಪ್ಪಬಹುದು. ಹಾಗಾಗಿ ಪಿಡಿಎಫ್ ಒಂದನ್ನೇ ಹಿಡಿದು ತೀರ್ಮಾನಕ್ಕೆ ಬರಬಾರದು, ಡಿಸ್ಕ್ ಒಳಗೆ ಇಳಿಯಬೇಕು.

ಡಿಸ್ಕ್

ಡಿಸ್ಕ್ ಮೇಲೆ ಏನೂ ಬರೆಯಗೊಡದ ರೈಟ್ ಬ್ಲಾಕರ್ ಎಂಬ ಸಾಧನದ ಮೂಲಕ ಅದನ್ನು ಜೋಡಿಸಿ, ಒಂದೂ ಬೈಟ್ ಬದಲಾಗದಂತೆ ಪೂರ್ತಿ ಇಮೇಜ್ (ಯಥಾಪ್ರತಿ) ತೆಗೆದು, ಅದರ ಎಸ್‌ಎಚ್‌ಎ-256 ಹ್ಯಾಶ್, ಅಂದರೆ ಒಂದು ಬೈಟ್ ಬದಲಾದರೂ ಬದಲಾಗುವ ಬೆರಳಚ್ಚಿನಂಥ ಸಂಖ್ಯೆ, ಬರೆದಿಟ್ಟೆ. ಬಿಟ್‌ಕಾಯಿನ್ ಬ್ಲಾಕ್‌ಗಳು ನಿಂತಿರುವುದೂ ಇದೇ ಹ್ಯಾಶ್ ಮೇಲೆ. ಮುಂದಿನ ಕೆಲಸವೆಲ್ಲ ಇಮೇಜ್ ಮೇಲೆ, ಮೂಲ ಡಿಸ್ಕ್ ಲಕೋಟೆಯೊಳಗೆ.

ಡಿಸ್ಕ್ ಮೇಲಿನ ಚೀಟಿಯಲ್ಲಿ ತಯಾರಾದ ವರ್ಷ 2014. ಹಳೆಯ ಡಿಸ್ಕ್‌ನಿಂದ ಹೊಸದಕ್ಕೆ ಕಾಪಿ ಮಾಡಿಕೊಂಡಿರಬಹುದಾದ್ದರಿಂದ ಇದನ್ನೂ ಬದಿಗಿಟ್ಟೆ. ವಾಲೆಟ್ ಫೈಲಿನ ಮೇಲಿದ್ದ ತಾರೀಖು 2009ರ ಜನವರಿ 12. ವಿಂಡೋಸ್‌ನಲ್ಲಿ ಫೈಲ್ ಜೋಡಿಸಿಡುವ ಎನ್‌ಟಿಎಫ್‌ಎಸ್ ವ್ಯವಸ್ಥೆ ಪ್ರತಿ ಫೈಲಿಗೂ ತಾರೀಖುಗಳನ್ನು ಎರಡು ಕಡೆ ಬರೆದಿಡುತ್ತದೆ. ನಮಗೆ ಕಾಣುವುದು ಒಂದು ಕಡೆಯದು, ತಾರೀಖು ತಿದ್ದುವ ಸಾಧನಗಳು ಸಾಮಾನ್ಯವಾಗಿ ಮುಟ್ಟುವುದೂ ಅದನ್ನೇ. ಇನ್ನೊಂದು ಕಡೆ ಫೈಲಿನ ಹೆಸರಿನ ಜೊತೆಗಿರುತ್ತದೆ. ಅಲ್ಲಿದ್ದದ್ದು 2023. ಕಾಣುವ ತಾರೀಖಿನ ಸಮಯವೋ, ಸರಿಯಾಗಿ ಮಧ್ಯರಾತ್ರಿ ಸೊನ್ನೆ ಗಂಟೆ, ಸೊನ್ನೆ ನಿಮಿಷ, ಸೊನ್ನೆ ಸೆಕೆಂಡು, ಅದರ ಮುಂದೆ ಏಳು ಸೊನ್ನೆ. ಈ ವ್ಯವಸ್ಥೆ ಸೆಕೆಂಡಿನ ಕೋಟಿಯ ಒಂದು ಭಾಗದವರೆಗೆ ಲೆಕ್ಕ ಇಡುತ್ತದೆ. ಕಂಪ್ಯೂಟರ್ ತಾನಾಗಿ ಬರೆದ ಸಮಯದಲ್ಲಿ ಅಷ್ಟೂ ಅಂಕಿ ಸೊನ್ನೆಯಾಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ, ಕೈಯಿಂದ ತಾರೀಖು ತುಂಬಿದಾಗ ಹೀಗಾಗುತ್ತದೆ. ಡಿಸ್ಕ್ ಫಾರ್ಮ್ಯಾಟ್ ಆದದ್ದೂ 2023ರಲ್ಲೇ.

ಬಿಟ್‌ಕಾಯಿನ್ ಫೋಲ್ಡರಿನ ಒಳರಚನೆ ನೋಡಿದಾಗ ಮಾತು ಇನ್ನೂ ಸ್ಪಷ್ಟವಾಯಿತು. ಸತೋಶಿಯ ಕಾಲದ ಪ್ರೋಗ್ರಾಂ ಬ್ಲಾಕ್‌ಗಳ ಸೂಚಿಯನ್ನು ಬಿಎಲ್‌ಕೆಇಂಡೆಕ್ಸ್ ಎಂಬ ಹೆಸರಿನ ಬರ್ಕ್ಲಿ ಡಿಬಿ ಫೈಲಿನಲ್ಲಿ ಇಡುತ್ತಿತ್ತು. 2013ರ ಫೆಬ್ರವರಿಯ 0.8 ಆವೃತ್ತಿ ಅದನ್ನು ಬಿಟ್ಟು ಲೆವೆಲ್‌ಡಿಬಿ ಎಂಬ ಬೇರೊಂದು ದಾಖಲೆ ವ್ಯವಸ್ಥೆಗೆ ಹೋಯಿತು, ಚೈನ್‌ಸ್ಟೇಟ್ ಎಂಬ ಹೊಸ ಫೋಲ್ಡರ್ ಬಂತು. ಇವರ ಡಿಸ್ಕ್‌ನಲ್ಲಿ ಇದ್ದದ್ದು ಚೈನ್‌ಸ್ಟೇಟ್. ಹಳೆಯ ಸೂಚಿ ಫೈಲಿನ ಸುಳಿವು ಅಳಿಸಿದ ಜಾಗದಲ್ಲೂ ಇರಲಿಲ್ಲ.

ವಾಲೆಟ್ ಫೈಲ್

ತಮ್ಮನ ನಂಬಿಕೆಯೆಲ್ಲ ನಿಂತದ್ದು ವಾಲೆಟ್ ಮೇಲೆ. ತೆರೆದರೆ 1,000 ನಾಣ್ಯ ಎಂದು ಬಾಕಿ ತೋರಿಸುತ್ತದೆ, ಸುಳ್ಳಾಗಲು ಹೇಗೆ ಸಾಧ್ಯ ಎಂಬುದು ಅವನ ಮಾತು. ಇದಕ್ಕೆ ನಮ್ಮ ಪಹಣಿಯ ಉದಾಹರಣೆ ಕೊಟ್ಟೆ. ಸರ್ವೆ ನಂಬರ್ ಗೊತ್ತಿದ್ದರೆ ಯಾರದೇ ಹೊಲದ ಪಹಣಿಯನ್ನು ಭೂಮಿ ಜಾಲತಾಣದಲ್ಲಿ ನೋಡಬಹುದು, ಪ್ರಿಂಟ್ ತೆಗೆಯಬಹುದು. ಆ ಕಾಗದ ಕೈಯಲ್ಲಿದ್ದ ಮಾತ್ರಕ್ಕೆ ಹೊಲ ನಮ್ಮದಾಗುವುದಿಲ್ಲ. ಬಿಟ್‌ಕಾಯಿನ್‌ನ ಲೆಕ್ಕಪುಸ್ತಕವೂ ಹೀಗೇ ಬಹಿರಂಗ. ಯಾವ ಸಾರ್ವಜನಿಕ ಕೀಲಿಗೆ (ಖಾತೆ ನಂಬರಿನಂತೆ ಎಲ್ಲರಿಗೂ ಕಾಣುವ ಸಂಖ್ಯೆಗೆ) ಎಷ್ಟು ನಾಣ್ಯ ಸೇರಿದೆ ಎಂದು ಜಗತ್ತಿಗೆಲ್ಲ ಕಾಣುತ್ತದೆ. ಆ ಸಾರ್ವಜನಿಕ ಕೀಲಿಯನ್ನು ನಕಲು ಮಾಡಿ ತನ್ನ ವಾಲೆಟ್ ಫೈಲಿಗೆ ತುರುಕಿದರೆ ಪ್ರೋಗ್ರಾಂ ಬಾಕಿ ತೋರಿಸಿಬಿಡುತ್ತದೆ. ನಾಣ್ಯ ಖರ್ಚು ಮಾಡಲು ಬೇಕಾದದ್ದು ಖಾಸಗಿ ಕೀಲಿ, ಅಂದರೆ ಒಡೆಯನ ಬಳಿ ಮಾತ್ರ ಇರುವ ಗುಟ್ಟಿನ ಸಂಖ್ಯೆ. ವಾಲೆಟ್ ಪಾಸ್‌ವರ್ಡ್‌ನಿಂದ ಲಾಕ್ ಆಗಿದ್ದರೆ ಖಾಸಗಿ ಕೀಲಿ ನಿಜವೋ ಅಲ್ಲವೋ ಎಂದು ತೆರೆಯುವವರೆಗೆ ಪ್ರೋಗ್ರಾಂಗೂ ತಿಳಿಯುವುದಿಲ್ಲ. ಈ ವಂಚನೆಗೆ ‘ಪಾಸ್‌ವರ್ಡ್ ಮರೆತುಹೋಗಿದೆ’ ಎಂಬ ಕಥೆ ಬೇಕೇ ಬೇಕಾಗುವುದು ಅದಕ್ಕೆ.

ಫೈಲಿನ ಒಳಗಿನ ದಾಖಲೆಗಳನ್ನು ಒಂದೊಂದಾಗಿ ಓದಿದೆ. ಮೊದಲನೆಯದಾಗಿ, ಪಾಸ್‌ವರ್ಡ್ ಇದೆ ಎಂಬುದೇ ಒಂದು ಸುಳಿವು. ಸತೋಶಿ ಬಿಡುಗಡೆ ಮಾಡಿದ ಪ್ರೋಗ್ರಾಂನಲ್ಲಿ ವಾಲೆಟ್‌ಗೆ ಪಾಸ್‌ವರ್ಡ್ ಹಾಕುವ ಸೌಲಭ್ಯವೇ ಇರಲಿಲ್ಲ. ಅದು ಬಂದದ್ದು 2011ರ ಸೆಪ್ಟೆಂಬರ್‌ನ 0.4 ಆವೃತ್ತಿಯಲ್ಲಿ. ಅಷ್ಟರಲ್ಲಿ ಸತೋಶಿ ಹಿಂದೆ ಸರಿದಾಗಿತ್ತು. ಎಂಜಿನಿಯರ್ ಆಮೇಲೆ ಹಾಕಿಕೊಂಡರು ಅನ್ನಬಹುದು. ಎರಡನೆಯದು, ಒಂದೇ ಬೀಜದಿಂದ, ಅಂದರೆ ಒಂದು ಮೂಲ ಸಂಖ್ಯೆಯಿಂದ, ಎಲ್ಲ ಕೀಲಿ ಹುಟ್ಟಿಸುವ ವ್ಯವಸ್ಥೆಯ ದಾಖಲೆ ಅದರಲ್ಲಿತ್ತು. ಅದು 2016ರ 0.13 ಆವೃತ್ತಿಯದು. ಮೂರನೆಯದು ಕೀಲಿಗಳ ಉದ್ದ. ಸತೋಶಿಯ ಕಾಲದಲ್ಲಿ ಸಾರ್ವಜನಿಕ ಕೀಲಿ 65 ಬೈಟ್ ಇರುತ್ತಿತ್ತು. 2012ರ 0.6 ಆವೃತ್ತಿಯಿಂದ ಸಂಕುಚಿತ ಕೀಲಿ, 33 ಬೈಟ್. ಈ ವಾಲೆಟ್‌ನಲ್ಲಿ ಸಾವಿರಾರು ಕೀಲಿಗಳಿದ್ದವು, ಬಹುತೇಕ ಎಲ್ಲವೂ 33 ಬೈಟ್. ಅವುಗಳ ನಡುವೆ 20 ಕೀಲಿ ಮಾತ್ರ 65 ಬೈಟ್. ಒಂದೊಂದಕ್ಕೆ 50ರಂತೆ 1,000 ನಾಣ್ಯ ಕೂತಿದ್ದದ್ದು ಆ ಇಪ್ಪತ್ತರಲ್ಲೇ.

ಆ 20 ಕೀಲಿಗಳ ಬ್ಲಾಕ್‌ಗಳನ್ನು ಬಹಿರಂಗ ಲೆಕ್ಕಪುಸ್ತಕದಲ್ಲಿ ತೆರೆದು ನಾನ್ಸ್ ನೋಡಿದೆ. ಇಪ್ಪತ್ತರಲ್ಲೂ ಕೊನೆಯ ಬೈಟ್ 0–9 ಅಥವಾ 19–58ರ ಒಳಗೆ. ಅಂದರೆ ಲರ್ನರ್ ಗುರುತಿಸಿದ ಆ ಒಬ್ಬ ಮೈನರ್‌ನ ಬ್ಲಾಕ್‌ಗಳು. ಬೇರೊಬ್ಬರು ಗಳಿಸಿದ್ದಾಗಿದ್ದರೆ ಐದರಲ್ಲಿ ಒಂದು ಹೀಗೆ ಬರಬಹುದಿತ್ತು, ಇಪ್ಪತ್ತಕ್ಕೆ ಇಪ್ಪತ್ತೂ ಬರುವುದಿಲ್ಲ. ಎಂಜಿನಿಯರ್ ತಮ್ಮ ಪಾಲಿಗೆ ಗಳಿಸಿದ ನಾಣ್ಯ ಎಂಬ ಕಥೆ ಇಲ್ಲಿಗೆ ಮುಗಿಯಿತು. ಉಳಿದದ್ದು ಎರಡೇ ದಾರಿ: ಆ ಎಂಜಿನಿಯರೇ ಸತೋಶಿ ಆಗಿರಬೇಕು, ಇಲ್ಲವೇ ಸತೋಶಿಯ ಸಾರ್ವಜನಿಕ ಕೀಲಿಗಳನ್ನು ಯಾರೋ ನಕಲು ಮಾಡಿ ಅಂಟಿಸಿರಬೇಕು.

ಎರಡನೆಯದೇ ಎಂಬುದಕ್ಕೆ ಪುರಾವೆ ಪಕ್ಕದಲ್ಲೇ ಇತ್ತು. ಲಾಕ್ ಆದ ವಾಲೆಟ್‌ನಲ್ಲಿ ಪ್ರತಿ ಸಾರ್ವಜನಿಕ ಕೀಲಿಯ ಜೊತೆ ಅದರ ಖಾಸಗಿ ಕೀಲಿ 48 ಬೈಟ್‌ನ ಗೂಢರೂಪದಲ್ಲಿ ಇರುತ್ತದೆ. ಗೂಢವಾಗಿಸುವಾಗ ಆಯಾ ಸಾರ್ವಜನಿಕ ಕೀಲಿಯ ಹ್ಯಾಶ್ ಕೂಡ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ಎರಡು ಕೀಲಿಗಳ 48 ಬೈಟ್ ಒಂದೇ ಆಗುವ ಮಾತೇ ಇಲ್ಲ. ಇಲ್ಲಿ 20 ದಾಖಲೆಗಳಲ್ಲೂ ಅದೇ 48 ಬೈಟ್ ಇದ್ದವು. ಹುಡುಕಿದಾಗ, ಅದೇ ಫೈಲಿನ 33 ಬೈಟಿನ ಒಂದು ಖಾಲಿ ಕೀಲಿಯ ಜೊತೆಯೂ ಅವೇ 48 ಬೈಟ್ ಸಿಕ್ಕವು. ಮೂಲ ಅದು, ಉಳಿದ 20 ಅದರ ಪ್ರತಿ.

ಎರಡು ದಾಖಲೆಗಳನ್ನು ತೆರೆಯ ಮೇಲೆ ಅಕ್ಕಪಕ್ಕ ಇಟ್ಟು ತಮ್ಮನಿಗೆ ತೋರಿಸಿದೆ. ಅಕ್ಷರ, ಅಂಕಿಗಳ ಮೇಲೆ ಬೆರಳಿಟ್ಟು ಕೊನೆಯವರೆಗೆ ಓದಿಕೊಂಡ. ಮೂರನೆಯದನ್ನೂ ತೆಗೆಯಿರಿ ಅಂದ. ತೆಗೆದೆ. “ಹಂಗಾರ ಪಾಸ್‌ವರ್ಡ್ ಖರೇನ ಸಿಕ್ರ?” ಎಂದು ಕೇಳಿದ. ಸಿಕ್ಕರೂ ಆ ಖಾಲಿ ಕೀಲಿಯಷ್ಟೇ ತೆರೆಯುತ್ತದೆ, ಉಳಿದ ಇಪ್ಪತ್ತು ತಾಳೆಯಾಗದೆ ವಾಲೆಟ್ ಕೆಟ್ಟಿದೆ ಎಂದು ಪ್ರೋಗ್ರಾಂ ನಿಂತುಬಿಡುತ್ತದೆ ಅಂದೆ. ಅವನು ಮತ್ತೆ ಮಾತಾಡಿದ್ದು ಅಣ್ಣ ಚಹಾ ತರಿಸಿದ ಮೇಲೆ.

ಸಹಿಯ ಪರೀಕ್ಷೆ

ಇಷ್ಟೆಲ್ಲ ಉಪಕರಣ ಇಲ್ಲದವರೂ ಮಾಡಬಹುದಾದ ಒಂದು ಪರೀಕ್ಷೆ ಇದೆ, ಎಲ್ಲಕ್ಕಿಂತ ಬಲವಾದದ್ದು ಅದೇ. ಖಾಸಗಿ ಕೀಲಿ ಇದ್ದವರು ಯಾವುದೇ ಸಂದೇಶಕ್ಕೆ ಸಹಿ ಹಾಕಬಲ್ಲರು. ಕೀಲಿ ಯಾರಿಗೂ ತೋರಿಸಬೇಕಿಲ್ಲ, ನಾಣ್ಯ ಕದಲಿಸಬೇಕಿಲ್ಲ, ಖರ್ಚು ಒಂದು ಪೈಸೆಯೂ ಇಲ್ಲ. ಆ ಸಹಿ ಸರಿಯೇ ಎಂದು ವಿಳಾಸ (ಸಾರ್ವಜನಿಕ ಕೀಲಿಯಿಂದ ಬರುವ ಗುರುತು) ಗೊತ್ತಿರುವ ಯಾರು ಬೇಕಾದರೂ ತಾಳೆ ನೋಡಬಹುದು. 2020ರ ಮೇ ತಿಂಗಳಲ್ಲಿ ಇಂಥದೊಂದು ನಡೆಯಿತು. ಕ್ರೇಗ್ ರೈಟ್ ತನ್ನವು ಎಂದು ಕೋರ್ಟಿಗೆ ಕೊಟ್ಟ ಪಟ್ಟಿಯಲ್ಲಿದ್ದ 145 ಹಳೆಯ ವಿಳಾಸಗಳ ನಿಜವಾದ ಒಡೆಯರು, ರೈಟ್ ಸುಳ್ಳುಗಾರ ಎಂಬ ಸಂದೇಶಕ್ಕೆ ಆ 145 ಕೀಲಿಗಳಿಂದಲೂ ಸಹಿ ಹಾಕಿ ಬಿಟ್ಟರು. ತಾವು ಯಾರೆಂದು ಅವರು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಮಾರುವವನಿಗೆ ಅಣ್ಣ ನನ್ನೆದುರೇ ಫೋನ್ ಮಾಡಿದರು. ವ್ಯವಹಾರದ ಮನುಷ್ಯ, ದನಿ ಏರಿಸಲಿಲ್ಲ. “ತಮ್ಮಾ, ಇಪ್ಪತ್ತರಾಗ ಒಂದ ಕೀಲಿಯಿಂದ ನಮ್ಮ ಅಂಗಡಿ ಹೆಸರಿಗೆ ಒಂದು ಸಹಿ ಹಾಕಿ ಕಳಸು. ಉಳಿದ ರೊಕ್ಕದ ಮಾತು ಆಮ್ಯಾಲೆ,” ಅಂದರು. ಪಾಸ್‌ವರ್ಡ್ ಇಲ್ಲದೆ ಆಗುವುದಿಲ್ಲ ಎಂದ ಅವನು. ಕಂಪನಿಯವರು ಒಡೆದ ಮೇಲೆ ಸಹಿ ಬರಲಿ, ಸಹಿ ಬಂದ ಮೇಲೆ ಅವರ ಫೀ ಕೊಡುತ್ತೇವೆ ಅಂದರು ಅಣ್ಣ. ಕಂಪನಿ ಮುಂಗಡ ಕೇಳುತ್ತದೆ ಎಂದ. ಹಾಗಿದ್ದರೆ ಸಂಚಕಾರ ವಾಪಸ್ ಕೊಡು ಎಂದಾಗ ಫೋನ್ ಕಟ್ಟಾಯಿತು, ಆಮೇಲೆ ಹತ್ತಲಿಲ್ಲ.

ದೂರು

ಅವತ್ತೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ಯುಪಿಐ ವಹಿವಾಟಿನ ನಂಬರ್ ಕೊಡಿಸಿದೆ. ಹಣ ಹೋಗಿ ಕೆಲವು ದಿನ ಆಗಿದ್ದರೂ ಆ ಖಾತೆಯಲ್ಲಿ ಒಂದಿಷ್ಟು ಉಳಿದಿತ್ತು, ಬ್ಯಾಂಕು ಅದನ್ನು ತಡೆಹಿಡಿಯಿತು. ಆಮೇಲೆ ಹಾವೇರಿಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಯಲ್ಲಿ ದೂರು. ನಗದಾಗಿ ಕೊಟ್ಟ 60 ಸಾವಿರಕ್ಕೆ ಚೀಟಿ ಇರಲಿಲ್ಲ. ಬೀಗರ ಮನೆಯಲ್ಲಿ ಹಣ ಎಣಿಸಿ ಕೊಟ್ಟದ್ದನ್ನು ಕಂಡವರಿದ್ದರು, ಆದರೆ ಅವರನ್ನು ಠಾಣೆಗೆ ಕರೆಯಲು ಅಣ್ಣ ಒಪ್ಪಲಿಲ್ಲ. ಸಂಬಂಧ ಕೆಡುತ್ತದೆ ಎಂಬ ಅವರ ಅಂಜಿಕೆ ನನಗೆ ಅರ್ಥವಾಗುತ್ತದೆ. ಆದರೂ ನನ್ನ ಅಭಿಪ್ರಾಯ ಬೇರೆ. ಬೀಗರ ಪರಿಚಯ ಎಂಬ ಒಂದೇ ಕಾರಣಕ್ಕೆ ಈ ವಂಚನೆ ಬ್ಯಾಡಗಿಗೆ ಬಂದದ್ದು. ಅದೇ ಕಾರಣಕ್ಕೆ ಬಾಯಿ ಮುಚ್ಚಿದರೆ ಅವನಿಗೆ ಮುಂದಿನ ಮನೆಯೂ ಸುಲಭ.

ಪೊಲೀಸರಿಗೆ ಕೊಟ್ಟದ್ದು ಲಕೋಟೆಯಲ್ಲಿದ್ದ ಮೂಲ ಡಿಸ್ಕ್, ಇಮೇಜ್, ಹ್ಯಾಶ್ ಮತ್ತು ವರದಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಇಂಥ ಪುರಾವೆಗೆ ಪ್ರಮಾಣಪತ್ರ ಬೇಕು. ಅದರ ನಮೂನೆಯಲ್ಲಿ ಎರಡು ಭಾಗ: ಒಂದು ಹಾಜರುಪಡಿಸುವವರದು, ಇನ್ನೊಂದು ತಜ್ಞರದು. ಹ್ಯಾಶ್ ಯಾವ ವಿಧಾನದ್ದು ಎಂದೂ ಅಲ್ಲೇ ಗುರುತಿಸಬೇಕು. ಡಿಸ್ಕ್ ಕೈಗೆ ಬಂದ ಕೂಡಲೇ ಮನೆಯ ಕಂಪ್ಯೂಟರಿಗೆ ಜೋಡಿಸಿ ತೆರೆದು ನೋಡಿದ್ದರೆ ತಾರೀಖುಗಳು ಬದಲಾಗಿ ಈ ಪುರಾವೆ ಸಡಿಲವಾಗುತ್ತಿತ್ತು. ತಮ್ಮ ಅದನ್ನು ಮಾಡಿರಲಿಲ್ಲ. ಲಕ್ಷಗಟ್ಟಲೆ ಬೆಲೆಯ ಡಿಸ್ಕ್‌ಗೆ ಏನಾದರೂ ಆದೀತೆಂದು ಹೆದರಿ ಮುಟ್ಟದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ.

ಕೆಲವು ವಾರದ ಮೇಲೆ ರಾಣೆಬೆನ್ನೂರಿನಿಂದ ಒಬ್ಬರು ಫೋನ್ ಮಾಡಿದರು. ಬ್ಯಾಡಗಿಯ ಆ ತಮ್ಮನೇ ನನ್ನ ನಂಬರ್ ಕೊಟ್ಟಿದ್ದನಂತೆ. ಅವರ ಬಳಿಯೂ ಒಂದು ವಾಲೆಟ್ ಫೈಲ್, ಅದೇ ಬೆಂಗಳೂರಿನ ಎಂಜಿನಿಯರ್, 1,000 ನಾಣ್ಯ. ಫೈಲ್ ಬೇಡ, ಅದರಲ್ಲಿ ಕಾಣುವ ವಿಳಾಸಗಳನ್ನಷ್ಟೇ ಕಳಿಸಿ ಅಂದೆ. ಬಂದ ಇಪ್ಪತ್ತೂ ಬ್ಯಾಡಗಿಯವೇ ಆಗಿದ್ದವು. ಸಂಚಕಾರ ಇನ್ನೂ ಕೊಟ್ಟಿರಲಿಲ್ಲ. ಹಾವೇರಿ ಠಾಣೆಯ ದೂರಿನ ನಂಬರ್ ಅವರಿಗೆ ಕೊಟ್ಟೆ, ಮರುದಿನ ಹೋಗಿ ಹೇಳಿಕೆ ಬರೆಸಿದರು.